ಫ್ಲೆಕ್ಸ್ ಯಾರನ್ನೂ ಕರೆಯೋದಿಲ್ಲ

ನಾನು ಸೇರಿಕೊಂಡ ಸೇವಾ ಕ್ಲಬ್ಬು ಯಾವುದು ಅಂತ ಹೇಳಲ್ಲ. ಅದರ ಲಾಂಛನದಲ್ಲಿ ಸಿಂಹ ಇತ್ತೋ, ಚಕ್ರ ಇತ್ತೋ ನೀವೇ ಊಹಿಸಿಕೊಳ್ಳಿ. ಈಗ ನಾನು ಹೇಳೋ ಕಥೆಗೆ ಎರಡರಲ್ಲಿ ಯಾವುದಿದ್ದರೂ ನಡೆಯುತ್ತೆ.

ಸೇರಿ ಮೂರು ತಿಂಗಳಾಗಿತ್ತು. ಜುಲೈನಲ್ಲಿ ಪದಗ್ರಹಣ ಆಯ್ತು. ಮರುವಾರದ ಮೀಟಿಂಗಿನಲ್ಲಿ ಹೊಸ ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಸಾಫ್ಟ್‌ವೇರ್ ಅಲ್ವಾ? ಈ ವರ್ಷ ಪಿಆರ್ ನಿಮ್ಮದು" ಅಂದರು. ಸಾಫ್ಟ್‌ವೇರಿಗೂ ಪ್ರಚಾರಕ್ಕೂ ಏನು ಸಂಬಂಧ ಅಂತ ಕೇಳೋದರೊಳಗೆ ಚಪ್ಪಾಳೆ ಬಿದ್ದಿತ್ತು. ಬಿಇ ಮಾಡಿದವನಿಗೆ ಕಂಪ್ಯೂಟರ್ ಬರುತ್ತೆ, ಕಂಪ್ಯೂಟರ್ ಬಂದವನಿಗೆ ಪೋಸ್ಟರ್ ಮಾಡೋಕೆ ಬರುತ್ತೆ, ಪೋಸ್ಟರ್ ಮಾಡೋನೇ ಪ್ರಚಾರಾಧಿಕಾರಿ. ಲೆಕ್ಕ ಸರಿಯಾಗೇ ಇದೆ.

ಆ ವರ್ಷದ ದೊಡ್ಡ ಕಾರ್ಯಕ್ರಮ ಉಚಿತ ಕಣ್ಣಿನ ಶಿಬಿರ. ನಮ್ಮೂರು ಅರಸೀಕೆರೆ ಕಡೆ. ಬೆಂಗಳೂರಲ್ಲಿ ಕಣ್ಣಾಸ್ಪತ್ರೆಗಳಿಗೆ ಬರವಿಲ್ಲ, ನಮ್ಮ ಕಡೆ ಮಾಡೋಣ ಅಂತ ಹೇಳಿದವನು ನಾನೇ. ಎಲ್ಲರೂ ಒಪ್ಪಿದರು. ನಮ್ಮೂರಿಂದ ಮೂರು ಕಿಲೋಮೀಟರ್ ದೂರದ ಹೋಬಳಿ ಕೇಂದ್ರದ ಹೈಸ್ಕೂಲಿನಲ್ಲಿ ಜಾಗ ಸಿಕ್ಕಿತು. ತಪಾಸಣೆ ಅಲ್ಲೇ. ಪೊರೆ ಇರೋರನ್ನ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆಪರೇಷನ್ ಮಾಡಿಸಿ, ಮೂರನೇ ದಿನ ವಾಪಸ್ ತಂದು ಬಿಡೋದು. ಆಸ್ಪತ್ರೆಯ ಖರ್ಚು ಬೇರೆ ಲೆಕ್ಕ. ಪ್ರಚಾರಕ್ಕೆ ಅಂತ 48,000 ರೂಪಾಯಿ ನನ್ನ ಕೈಗೆ ಬಂತು.

ಆ ಎಕ್ಸೆಲ್ ಶೀಟ್ ಇವತ್ತಿಗೂ ನನ್ನ ಲ್ಯಾಪ್‌ಟಾಪಲ್ಲಿದೆ. ಫ್ಲೆಕ್ಸ್ ಮತ್ತು ಸ್ವಾಗತ ಕಮಾನು 16,000. ಫೋಟೋ, ವಿಡಿಯೊ, ಡ್ರೋನ್ 12,000. ಶಾಲು, ಹಾರ, ಪೇಟ, ನೆನಪಿನ ಕಾಣಿಕೆ 11,000. ಪತ್ರಿಕೆಯವರ ಊಟ, ಓಡಾಟ, ಒಂದು ಜಾಹೀರಾತು ಸೇರಿ 7,500. ಕರಪತ್ರ 1,500. ಅಲ್ಲಿಗೆ 48,000 ಮುಗೀತು. ಮೊದಲ ಕರಡಿನಲ್ಲಿ ಇನ್ನೂ ಒಂದು ಸಾಲಿತ್ತು: ಆಟೋಗೆ ಮೈಕ್ ಕಟ್ಟಿ ಸುತ್ತಲಿನ ಹಳ್ಳಿಗಳಲ್ಲಿ ಕೂಗಿಸೋದು, 4,000. ಡ್ರೋನಿಗೆ ದುಡ್ಡು ಸಾಲದೆ ಬಂದಾಗ ಆ ಸಾಲನ್ನ ತೆಗೆದವನು ನಾನೇ.

ಶಿಬಿರ ನಡೀತು. ವೇದಿಕೆ ಮೇಲೆ ಹದಿನಾಲ್ಕು ಜನ ಇದ್ದರು. ಕೆಳಗೆ ಕುರ್ಚಿಗಳಲ್ಲಿ ಹೈಸ್ಕೂಲಿನ ಮಕ್ಕಳು. ಕಣ್ಣು ತೋರಿಸೋಕೆ ಬಂದವರನ್ನ ಎಣಿಸೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಸ್ಸು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿ ಹೋಯಿತು. ಮಾರನೇ ದಿನ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ಗ್ರೂಪಿನಲ್ಲಿ ನನಗೆ ಅರವತ್ತು ಹೂಗುಚ್ಛದ ಇಮೋಜಿ ಬಂದವು.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ದೊಡ್ಡಮ್ಮ ಪಕ್ಕದಲ್ಲೇ ಇದ್ದಳು. ಫೋನು ಇಸ್ಕೊಂಡು, "ಕಣ್ಣಿಂದು ಕ್ಯಾಂಪು ನೀನೇ ಮಾಡ್ಸಿದ್ದಂತೆ ಕಣಪ್ಪ. ಪೇಪರಲ್ಲಿ ಬಂದೈತಂತೆ. ನಂಗೊಂದು ಮಾತು ಹೇಳಿದ್ರೆ ಬರ್ತಿದ್ನಲ್ಲ" ಅಂದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. ಎರಡು ವರ್ಷದಿಂದ ಅವಳಿಗೆ ಬಲಗಣ್ಣು ಮಂಜು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅಮ್ಮನಿಗೂ ಗೊತ್ತಿತ್ತು. ಶಿಬಿರದ ವಿಷಯ ಅಮ್ಮನಿಗೆ ನಾನು ಹೇಳಿಯೂ ಇರಲಿಲ್ಲ, ಯಾಕಂದ್ರೆ ಊರಿಗೆಲ್ಲ ಗೊತ್ತಾಗೇ ಆಗುತ್ತೆ ಅಂದ್ಕೊಂಡಿದ್ದೆ. ಪ್ರಚಾರ ಮಾಡಿದ್ವಲ್ಲ!

ಈ ಲೇಖನ ಬರೀತಿರೋದು ಆ ಒಂದು ಫೋನಿನ ಕಾರಣಕ್ಕೆ. ಹಾಗಾಗಿ ಇದನ್ನ ಕ್ಲಬ್ಬುಗಳ ಮೇಲಿನ ದೂರು ಅಂತ ಓದಬೇಡಿ. ಮೊದಲನೇ ಆರೋಪಿ ನಾನು.

ಒಂದು ಫ್ಲೆಕ್ಸನ್ನು ಓದೋಣ

ಕಥೆ, ಕವನ, ಸಿನಿಮಾಗಳಿಗೆ ವಿಮರ್ಶೆ ಬರೀತಾರೆ. ನಮ್ಮ ಕಣ್ಣಿಗೆ ದಿನಾ ಬೀಳೋ ಫ್ಲೆಕ್ಸಿಗೆ ಯಾರೂ ಬರೆಯಲ್ಲ. ನಾನು ಡಿಸೈನ್ ಮಾಡಿದ ಫ್ಲೆಕ್ಸನ್ನೇ ತಗೊಳ್ಳಿ. ಅಗಲ ಹತ್ತಡಿ, ಎತ್ತರ ಆರಡಿ. ಮೇಲೆ ಲಾಂಛನ. ಅದರ ಪಕ್ಕ ಜಿಲ್ಲಾ ಗವರ್ನರ್ ಫೋಟೋ. ಅವರ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳ ಸಾಲು. ಸಾವಿರ ಡಾಲರ್ ಕೊಟ್ಟವರಿಗೆ ರೋಟರಿಯಲ್ಲಿ ಪಾಲ್ ಹ್ಯಾರಿಸ್ ಫೆಲೋ, ಲಯನ್ಸ್‌ನಲ್ಲಿ ಮೆಲ್ವಿನ್ ಜೋನ್ಸ್ ಫೆಲೋ ಅನ್ನೋ ಗೌರವ ಸಿಗುತ್ತೆ. ಆ ಅಕ್ಷರಗಳು ಅದನ್ನೇ ಹೇಳೋದು. ಕೊಟ್ಟದ್ದು ಒಳ್ಳೇ ಕೆಲಸಕ್ಕೇ, ಅನುಮಾನವಿಲ್ಲ. ಆದ್ರೆ ನಮ್ಮ ಹೋಬಳಿಯ ಬಸ್‌ಸ್ಟ್ಯಾಂಡಲ್ಲಿ ನಿಂತವನಿಗೆ ಅದೊಂದು ವೈದ್ಯಕೀಯ ಪದವಿ ಥರ ಕಾಣುತ್ತೆ. ಒಬ್ಬ ಹುಡುಗ ನನ್ನನ್ನ ಕೇಳೂ ಕೇಳಿದ, "ಅಣ್ಣ, ಇವ್ರೇನಾ ಆಪ್ರೇಷನ್ ಮಾಡೋ ಡಾಕ್ಟ್ರು?"

ಮಧ್ಯದಲ್ಲಿ ಕ್ಲಬ್ಬಿನ ಹೆಸರು, ಅತಿ ದೊಡ್ಡ ಅಕ್ಷರ. ಅದರ ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಕಾರ್ಯಕ್ರಮದ ಪ್ರಾಯೋಜಕರು, ಸ್ಥಳೀಯ ಮುಖಂಡರು. ಒಟ್ಟು ಹದಿನೇಳು ಮುಖ. ಅದಕ್ಕೂ ಕೆಳಗೆ, ಗೂಟಕ್ಕೆ ಕಟ್ಟೋ ಜಾಗದ ಹತ್ತಿರ, ದಿನಾಂಕ, ಸಮಯ, ಸ್ಥಳ. ಆಧಾರ್ ಕಾರ್ಡ್ ತರಬೇಕೋ ಬೇಡ್ವೋ, ಸಕ್ಕರೆ ಕಾಯಿಲೆ ಇದ್ದೋರು ಏನು ಮಾಡಬೇಕು, ಜೊತೆಗೆ ಯಾರಾದ್ರೂ ಬರಬೇಕಾ, ಯಾವತ್ತು ವಾಪಸ್ ಬಿಡ್ತಾರೆ, ಊಟ ಅವರೇ ಕೊಡ್ತಾರಾ, ಇದ್ಯಾವುದೂ ಇಲ್ಲ. ವಿಚಾರಿಸೋಕೆ ಅಂತ ಒಂದು ಫೋನ್ ನಂಬರ್ ಇತ್ತು. ಅದು ನಂದು. ಆ ಮೂರು ದಿನ ನಾನು ರಿಲೀಸ್ ಕೆಲಸದಲ್ಲಿ ಮುಳುಗಿದ್ದೆ, ಗೊತ್ತಿಲ್ಲದ ನಂಬರುಗಳನ್ನ ಎತ್ತಲಿಲ್ಲ.

ಇಷ್ಟೆಲ್ಲ ಆದಮೇಲೆ ಇನ್ನೂ ಮೂಲದ ಒಂದು ಪ್ರಶ್ನೆ ಉಳಿಯುತ್ತೆ. ಕಣ್ಣಲ್ಲಿ ಪೊರೆ ಬಂದು ಮಂಜಾಗಿರೋ, ಬಹುಪಾಲು ಓದು ಬಾರದ, ಹೊಲದಿಂದ ಮನೆ, ಮನೆಯಿಂದ ಹೊಲ ಅಂತಿರೋ ಅರವತ್ತೈದು ವರ್ಷದ ಹೆಂಗಸಿಗೆ ಸುದ್ದಿ ಮುಟ್ಟಿಸೋಕೆ ಹೋಬಳಿ ಸರ್ಕಲ್ಲಿನಲ್ಲಿ ಓದೋ ಬೋರ್ಡು ನಿಲ್ಲಿಸಿದ್ದೆವು. ಇದನ್ನ ನಮ್ಮ ಆಫೀಸಲ್ಲಿ ಯಾರಾದ್ರೂ ಮಾಡಿದ್ರೆ ಡಿಸೈನ್ ರಿವ್ಯೂನಲ್ಲೇ ವಾಪಸ್ ಕಳಿಸ್ತಿದ್ವಿ. ಯೂಸರ್ ಯಾರು ಅಂತ ಕೇಳದೆ ಒಂದು ಬಟನ್ನನ್ನೂ ನಾವು ಇಡಲ್ಲ. ಭಾನುವಾರ ಸೇವೆ ಮಾಡುವಾಗ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತೆ.

ಅಥವಾ ಮರೆತಿರಲ್ಲ. ಆ ಫ್ಲೆಕ್ಸಿನ ಯೂಸರ್ ದೊಡ್ಡಮ್ಮ ಆಗಿರಲೇ ಇಲ್ಲ. ಅದರಲ್ಲಿದ್ದ ಹದಿನೇಳು ಜನವೇ ಅದರ ಓದುಗರು. ಆ ಲೆಕ್ಕದಲ್ಲಿ ನೋಡಿದ್ರೆ ಅದು ತುಂಬ ಯಶಸ್ವಿ ಫ್ಲೆಕ್ಸು. ಹದಿನೇಳಕ್ಕೆ ಹದಿನೇಳೂ ಜನ ಬಂದಿದ್ದರು.

ದುಡ್ಡು ಎಲ್ಲಿಂದ ಬರುತ್ತೆ?

ಸ್ವಲ್ಪ ಇತಿಹಾಸ ಹೇಳ್ತೀನಿ, ಬೇಗ ಮುಗಿಸ್ತೀನಿ. 1905ರ ಫೆಬ್ರವರಿ 23ರಂದು ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲ ಮೂವರು ಪರಿಚಯದವರ ಜೊತೆ ಕೂತು ರೋಟರಿ ಶುರುಮಾಡಿದ. ಸರದಿ ಪ್ರಕಾರ ಒಬ್ಬೊಬ್ಬರ ಆಫೀಸಲ್ಲಿ ಸೇರ್ತಿದ್ದರಿಂದ ಆ ಹೆಸರು. ಆ ಕ್ಲಬ್ಬು 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಏನು ಗೊತ್ತಾ? ಚಿಕಾಗೋ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸೋದು. ಶೌಚಾಲಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು ಯಾರಿಗೂ ಇಷ್ಟವಾಗೋ ಕೆಲಸ ಅಲ್ಲ. ಆದ್ರೂ ಬೇಕಾಗಿದ್ದು ಅದು, ಮಾಡಿದ್ದು ಅದು. ಅದೇ ಚಿಕಾಗೋದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಅನ್ನೋ ವಿಮಾ ವ್ಯವಹಾರದವನಿಂದ ಲಯನ್ಸ್ ಹುಟ್ಟಿತು. ಅದು ಕಣ್ಣಿನ ಕೆಲಸಕ್ಕೆ ಗಟ್ಟಿಯಾಗಿ ಇಳಿದದ್ದು 1925ರಲ್ಲಿ. ಆ ವರ್ಷದ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದು, ಕಣ್ಣಿಲ್ಲದವರ ಪರ ನಿಲ್ಲಿ ಅಂತ ಕೇಳಿಕೊಂಡಳು. ಕಣ್ಣಿಲ್ಲದವಳೇ ಬಂದು ಕೇಳಿದಳು, ಕೇಳಿಸಿಕೊಂಡವರು ಕೆಲಸಕ್ಕೆ ಇಳಿದರು. ಅಷ್ಟು ಚೆನ್ನಾದ ಪ್ರಚಾರವನ್ನ ಆಮೇಲೆ ಯಾವ ಏಜೆನ್ಸಿಯೂ ಮಾಡಿಕೊಟ್ಟಿಲ್ಲ ಅನ್ನಿಸುತ್ತೆ.

ಈಗ ಸ್ಥಳೀಯ ಕ್ಲಬ್ಬಿನ ಪ್ರಚಾರದ ದುಡ್ಡಿಗೆ ಮೂರು ದಾರಿ. ಒಂದು, ಸದಸ್ಯರ ವಂತಿಗೆ. ಎರಡು, ಪ್ರಾಯೋಜಕರು, ಅಂದ್ರೆ ಊರಿನ ಜ್ಯುವೆಲರಿ ಅಂಗಡಿಯಿಂದ ಹಿಡಿದು ನಮ್ಮಂಥ ಕಂಪನಿಗಳವರೆಗೆ. ಮೂರು, ಮೇಲಿನ ಸಂಸ್ಥೆಯಿಂದ ಬರೋ ಅನುದಾನ. ಲಯನ್ಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಜಿಲ್ಲೆಗಳಿಗೆ 'ಮಾರ್ಕೆಟಿಂಗ್ ಗ್ರಾಂಟ್' ಅನ್ನೋ ಹೆಸರಲ್ಲೇ ಕೊಡುತ್ತೆ. ರೋಟರಿ 2017ರಲ್ಲಿ 'ಪೀಪಲ್ ಆಫ್ ಆ್ಯಕ್ಷನ್' ಅನ್ನೋ ಜಾಗತಿಕ ಪ್ರಚಾರ ಶುರುಮಾಡಿ, ಕ್ಲಬ್ಬುಗಳು ತಮ್ಮ ಊರಿನ ಫೋಟೋ ಹಾಕಿ ಬಳಸಿಕೊಳ್ಳೋ ಹಾಗೆ ಸಿದ್ಧ ನಮೂನೆಗಳನ್ನ ಕೊಟ್ಟಿತು. ಅದರ ಸಲಹೆ ಒಳ್ಳೇದೇ: ಸಾಲಾಗಿ ನಿಂತು ಕ್ಯಾಮೆರಾ ನೋಡೋ ಫೋಟೋ ಬೇಡ, ಕೆಲಸ ಮಾಡ್ತಿರೋ ಫೋಟೋ ಹಾಕಿ. ನಮ್ಮಲ್ಲಿ ಅದನ್ನ ಹೇಗೆ ಪಾಲಿಸ್ತೀವಿ ಗೊತ್ತಲ್ಲ. ಒಂದು ಸಸಿ, ಅದನ್ನ ಹಿಡಿದಿರೋ ಹನ್ನೊಂದು ಕೈ. ಎಲ್ಲರೂ ಕೆಲಸ ಮಾಡ್ತಾನೇ ಕ್ಯಾಮೆರಾ ನೋಡ್ತಿರ್ತಾರೆ.

ರೋಟರಿ ಫೌಂಡೇಶನ್ನಿನ ಅನುದಾನದ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ ಮಾತೊಂದಿದೆ. ಸೇವಾ ಯೋಜನೆಗೆ ಕೊಟ್ಟ ದುಡ್ಡನ್ನ ಪ್ರಚಾರಕ್ಕೆ ಬಳಸೋ ಹಾಗಿಲ್ಲ, ಆ ಪ್ರಚಾರ ಇಲ್ಲದೆ ಯೋಜನೆಯೇ ನಡೆಯಲ್ಲ ಅನ್ನೋ ಹಾಗಿದ್ದರೆ ಮಾತ್ರ ಬಳಸಬಹುದು ಅನ್ನೋದು ಅದರ ಅರ್ಥ. ಈ ಒಂದು ಜರಡಿ ಸಾಕು. ನನ್ನ ಎಕ್ಸೆಲ್ ಶೀಟನ್ನ ಅದಕ್ಕೆ ಹಾಕಿ ಜಾಲಾಡಿಸಿದರೆ ಕರಪತ್ರದ 1,500 ಮಾತ್ರ ಕೆಳಗೆ ಬೀಳುತ್ತೆ. ಆ ಕರಪತ್ರಗಳ ಅರ್ಧ ಕಟ್ಟು ಶಿಬಿರ ಮುಗಿದ ಮೇಲೂ ನನ್ನ ಕಾರಿನ ಡಿಕ್ಕಿಯಲ್ಲೇ ಇತ್ತು.

ಬಲಗೈ, ಎಡಗೈ, ಹಲ್ಮಿಡಿ

ಇಷ್ಟು ಹೇಳಿದ ಕೂಡಲೇ ಕೆಲವರು ಆ ಹಳೇ ಮಾತು ತೆಗೀತಾರೆ. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಸೇವೆಗೆ ಪ್ರಚಾರ ಯಾಕೆ ಬೇಕು ಅಂತ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬಲಗೈಲಿ ಕೊಡ್ತಿರೋದು ಎಡಗೈಗೆ ಗೊತ್ತಾಗದಿದ್ರೂ ಪರವಾಗಿಲ್ಲ, ತಗೊಳ್ಳಬೇಕಾದ ಕೈಗೆ ಗೊತ್ತಾಗಬೇಕಲ್ಲ?

ಹೆಸರು ಹಾಕಿಸಿಕೊಳ್ಳೋದು ನಮ್ಮಲ್ಲಿ ಹೊಸದೂ ಅಲ್ಲ. ಮದುವೇಲಿ ಕೊಟ್ಟ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸಿದ ಜನ ನಾವು. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು, ಅದರ ಮೇಲೆ ಬೆಳಕೇ ಬಾರದಷ್ಟು ದೊಡ್ಡದಾಗಿ ಹೆಸರು ಬರೆಸಿದವರ ಜೋಕು ಎಲ್ಲರ ಊರಲ್ಲೂ ಇದೆ. ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಜಿಲ್ಲೆಯದೇ, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ. ಸುಮಾರು ಕ್ರಿ.ಶ. 450ರದ್ದು ಅಂತ ಸ್ಕೂಲಲ್ಲಿ ಓದಿದ್ವಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಆ ಕಲ್ಲಲ್ಲಿ ಇರೋದು ಏನು? ಯುದ್ಧದಲ್ಲಿ ಹೋರಾಡಿದ ವೀರನಿಗೆ ಊರು ದತ್ತಿ ಕೊಟ್ಟ ಸುದ್ದಿ. ಅಂದ್ರೆ ಕನ್ನಡ ಬರವಣಿಗೆಯ ಬಾಗಿಲಲ್ಲೇ ಒಂದು ದಾನದ ಪ್ರಚಾರ ನಿಂತಿದೆ.

ಆದ್ರೆ ಒಂದು ದಾನಶಾಸನ ಸಾಮಾನ್ಯವಾಗಿ ಏನೇನು ಹೇಳುತ್ತೆ ನೋಡಿ. ಕೊಟ್ಟವರು ಯಾರು ಅನ್ನೋದು ಇರುತ್ತೆ, ಹೊಗಳಿಕೆಯೂ ಧಾರಾಳವಾಗಿರುತ್ತೆ. ಅದರ ಜೊತೆಗೆ ಯಾರಿಗೆ ಕೊಟ್ಟದ್ದು, ಎಷ್ಟು ಕೊಟ್ಟದ್ದು, ಗಡಿ ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಅದನ್ನ ಮುಂದೆ ಕಾಪಾಡಬೇಕಾದವರು ಯಾರು ಅನ್ನೋದೂ ಇರುತ್ತೆ. ಕೊನೆಗೆ, ಇದನ್ನ ಕೆಡಿಸಿದವರಿಗೆ ಮಹಾಪಾಪ ಬರಲಿ ಅನ್ನೋ ಶಾಪ. ಕಲ್ಲು ನಿಲ್ಲಿಸಿದ್ದು ದಾನಿಯನ್ನ ಮೆರೆಸೋಕಷ್ಟೇ ಅಲ್ಲ, ದಾನವನ್ನ ಕಾಯೋಕೆ. ನಾಳೆ ಯಾರಾದ್ರೂ ಆ ಗದ್ದೆ ಒತ್ತುವರಿ ಮಾಡಿದ್ರೆ, ಪಡೆದವನು ಹೋಗಿ ಆ ಕಲ್ಲನ್ನ ತೋರಿಸಬಹುದಿತ್ತು.

ನಮ್ಮ ಹೈಸ್ಕೂಲಿನಲ್ಲಿ ಕುಡಿಯೋ ನೀರಿನ ಸಿಮೆಂಟ್ ತೊಟ್ಟಿ ಒಂದಿತ್ತು. ಅದರ ಮೇಲೆ ದಾನಿಗಳ ಹೆಸರು ಕೆತ್ತಿದ ಕಡಪ ಕಲ್ಲು. ನಲ್ಲಿ ಮುರಿದಾಗೆಲ್ಲ ಮೇಷ್ಟ್ರು ಆ ಹೆಸರಿನವರ ಅಂಗಡಿಗೇ ಹುಡುಗರನ್ನ ಕಳಿಸ್ತಿದ್ರು. ಅವರು ಬೈಕೊಂಡೇ ಪ್ಲಂಬರನ್ನ ಕಳಿಸ್ತಿದ್ರು. ಹೆಸರು ಅಲ್ಲಿ ಮೆರವಣಿಗೆಗೆ ಇರಲಿಲ್ಲ, ಜವಾಬ್ದಾರಿಗೆ ಇತ್ತು. ನಾನು ಮಾಡಿಸಿದ ಫ್ಲೆಕ್ಸಿನ ಹೆಸರುಗಳಿಗೆ ಅಂಥ ಯಾವ ಭಾರವೂ ಇರಲಿಲ್ಲ. ಶಿಬಿರ ಮುಗಿದ ವಾರಕ್ಕೆ ಅದು ಯಾರದೋ ಕೊಟ್ಟಿಗೆಗೆ ಚಾವಣಿ ಆಯಿತು. ಈ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲೇ ನಿಷೇಧದ ಅಧಿಸೂಚನೆ ಬಂದಿದೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಲ್ಲಿ ರಾಶಿ ರಾಶಿ ಇಳಿಸಿದ್ದನ್ನ ನಾವೇ ನೋಡಿದ್ದೀವಿ. ಸೇವೆಯ ಹೆಸರಲ್ಲಿ ಕಾನೂನು ಮುರೀತಿದ್ದೀವಿ ಅಂತ ನಮ್ಮ ಮೀಟಿಂಗಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಪ್ರಚಾರ ಕೆಲಸ ಮಾಡಿದ ಸಲ

ಪ್ರಚಾರಕ್ಕೆ ಹಾಕಿದ ದುಡ್ಡು ಜೀವ ಉಳಿಸಿದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ನಮ್ಮ ತಲೆಮಾರಿನವರು ಬೆಳೆದದ್ದೇ ಅದರ ನಡುವೆ. ಪೋಲಿಯೊ.

ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಶುರುಮಾಡಿತು. ಭಾರತದಲ್ಲಿ ಪಲ್ಸ್ ಪೋಲಿಯೊ ಬಂದದ್ದು 1995ರಲ್ಲಿ. ಆ ಭಾನುವಾರಗಳು ನೆನಪಿವೆಯಾ? ಅಂಗನವಾಡಿ ಮುಂದೆ ಟೇಬಲ್ಲು, ಐಸ್ ಡಬ್ಬಿ, ಕಿರುಬೆರಳಿಗೆ ಮಸಿ. ಸರ್ಕಾರ, ಯೂನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ರೋಟರಿ, ಲಕ್ಷಾಂತರ ಕಾರ್ಯಕರ್ತೆಯರು ಎಲ್ಲರೂ ಸೇರಿ ಮಾಡಿದ ಕೆಲಸ ಅದು. ಅಷ್ಟಾದರೂ 2009ರಲ್ಲಿ ದೇಶದಲ್ಲಿ 741 ಪ್ರಕರಣ ದಾಖಲಾದವು. ಉತ್ತರ ಪ್ರದೇಶದ ಕೆಲವು ಕಡೆ ಲಸಿಕೆಯ ಬಗ್ಗೆ ಮುಸ್ಲಿಂ ಕುಟುಂಬಗಳಲ್ಲಿ ಅನುಮಾನ ಹಬ್ಬಿತ್ತು. ಅಲ್ಲಿ ರೋಟರಿಯವರು ಉಲೇಮಾಗಳ ಸಮಿತಿ ಕಟ್ಟಿದರು. ಊರಿನ ಜನ ಯಾರ ಮಾತು ನಂಬ್ತಾರೋ ಅವರ ಬಾಯಿಂದಲೇ ಹೇಳಿಸಿದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಅನ್ನೋ ಪ್ರಮಾಣಪತ್ರ ಸಿಕ್ಕಿತು.

ಆ ಪೋಸ್ಟರುಗಳಲ್ಲಿ ಏನಿತ್ತು? ಮಗು, ಎರಡು ಹನಿ, ಭಾನುವಾರ, ಯಾವ ತಾರೀಖು. ಮೂಲೆಯಲ್ಲಿ ಲಾಂಛನಗಳಿದ್ದವು, ಇರಲಿ. ಆ ತಾರೀಖು ಗೊತ್ತಾಗದೇ ಹೋಗಿದ್ರೆ ಡಬ್ಬಿಯಲ್ಲಿದ್ದ ಲಸಿಕೆ ಡಬ್ಬಿಯಲ್ಲೇ ಉಳೀತಿತ್ತು. ಇಲ್ಲಿ ಪ್ರಚಾರವೇ ಸೇವೆಯ ಅರ್ಧ ಭಾಗ. ಹಾಗಾಗಿ ಸೇವಾ ಕ್ಲಬ್ಬುಗಳ ಪ್ರಚಾರಕ್ಕೆ ದುಡ್ಡು ಕೊಡಬಾರದು ಅಂತ ಹೇಳೋನು ನಾನಲ್ಲ. ಯಾರ ಕಿವಿಗೆ ಬೀಳೋಕೆ ಕೊಡ್ತಿದ್ದೀವಿ ಅನ್ನೋದಷ್ಟೇ ಪ್ರಶ್ನೆ.

ನಮ್ಮ ಕಡೆ ಹಿರಿಯರಿಗೆ ಇವತ್ತಿಗೂ 'ಮೋದಿ ಡಾಕ್ಟ್ರು' ಅಂದ್ರೆ ಕಣ್ಣಿನ ಡಾಕ್ಟ್ರು. ಡಾ. ಎಂ.ಸಿ. ಮೋದಿಯವರು ಬಯಲಲ್ಲಿ, ಶಾಲೆಗಳಲ್ಲಿ ಶಿಬಿರ ಹಾಕಿ ಒಂದೇ ದಿನ ನೂರಾರು ಜನರ ಪೊರೆ ತೆಗೀತಿದ್ದ ಕಾಲದಲ್ಲಿ ಫ್ಲೆಕ್ಸ್ ಪ್ರಿಂಟಿಂಗೇ ಇರಲಿಲ್ಲ. ಸಂತೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳ್ತಿದ್ರು, ಊರಲ್ಲಿ ತಮಟೆ ಹೊಡೆಸ್ತಿದ್ರು. ಜನ ಗಾಡಿ ಕಟ್ಟಿಕೊಂಡು ಬರ್ತಿದ್ರು.

ಹಿರಿಯರೊಬ್ಬರು ಹೇಳಿದ್ದು

ಇದನ್ನೆಲ್ಲ ಕ್ಲಬ್ಬಿನಲ್ಲಿ ನಾನು ಸ್ವಲ್ಪ ಜೋರಾಗೇ ಹೇಳಿದೆ. ದವಸದ ವ್ಯಾಪಾರ ಮಾಡ್ಕೊಂಡು, ಮೂವತ್ತು ವರ್ಷದಿಂದ ಕ್ಲಬ್ಬಿನಲ್ಲಿರೋ ಹಿರಿಯರೊಬ್ಬರು ಮೀಟಿಂಗ್ ಮುಗಿದ ಮೇಲೆ ಕಾಫಿಗೆ ಕರೆದರು. "ನೋಡಪ್ಪಾ, ನೀನು ಹೇಳೋದು ಸರಿ. ಆದ್ರೆ ಇಲ್ಲಿ ಯಾರಿಗೂ ಸಂಬಳ ಇಲ್ಲ. ಅಂಗಡಿ ಬಿಟ್ಟು ಬರ್ತಾರೆ, ಕೈಯಿಂದ ಹಾಕ್ತಾರೆ. ಒಂದು ಫೋಟೋ, ಒಂದು ಶಾಲು, ಅಷ್ಟೇ ಅವರ ಕೂಲಿ. ಅದನ್ನೂ ತೆಗೆದ್ರೆ ಮುಂದಿನ ವರ್ಷ ಬಸ್ಸಿಗೆ ಡೀಸೆಲ್ ಹಾಕ್ಸೋರು ಯಾರು? ಆ ಫೋಟೋ ನೋಡೇ ನೀನೂ ಸೇರಿದ್ದಲ್ವಾ?"

ಹೌದು. ನಾನು ಸೇರಿದ್ದು ಫೇಸ್‌ಬುಕ್ಕಲ್ಲಿ ಒಂದು ಫೋಟೋ ನೋಡಿಯೇ. ಹೊಸಬರು ಬಾರದೆ ಕ್ಲಬ್ಬುಗಳು ಮುದಿಯಾಗ್ತಿವೆ ಅನ್ನೋದೂ ಸುಳ್ಳಲ್ಲ. ನಮ್ಮಲ್ಲಿ ನಲವತ್ತರ ಕೆಳಗಿದ್ದವರು ನಾಲ್ಕೇ ಜನ. ಅವರ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಆದ್ರೆ ಒಂದು ಅರ್ಧ ಉತ್ತರ ಇದೆ. ಕೂಲಿ ಕೊಡೋಣ, ಬೇಡ ಅನ್ನಲ್ಲ. ಅದಕ್ಕೆ 'ಸದಸ್ಯರ ಸನ್ಮಾನ' ಅಂತಲೇ ಹೆಸರಿಟ್ಟು ವಂತಿಗೆಯಿಂದ ಕೊಡೋಣ. 'ಶಿಬಿರದ ಪ್ರಚಾರ' ಅನ್ನೋ ತಲೆಬರಹದ ಕೆಳಗೆ ಹಾಕಿ, ದಾನಿಗಳ ದುಡ್ಡಲ್ಲಿ, ದೊಡ್ಡಮ್ಮನ ಲೆಕ್ಕದಲ್ಲಿ ಕೊಡೋದು ಬೇಡ.

ಎರಡನೇ ವರ್ಷ

ಎರಡನೇ ವರ್ಷವೂ ಪಿಆರ್ ನನ್ನ ತಲೆಗೇ ಬಂತು, ಬೇರೆ ಯಾರೂ ಒಪ್ಪಲಿಲ್ಲ. ಈ ಸಲ ಒಂದು ವಾರ ಮೊದಲೇ ಊರಿಗೆ ಹೋದೆ. ಹಳ್ಳಿಯಲ್ಲಿ ಬೆಳಗ್ಗೆ, ಸಂಜೆ ಎಲ್ಲರೂ ತಪ್ಪದೆ ಬರೋ ಜಾಗ ಒಂದೇ, ಹಾಲಿನ ಡೈರಿ. ಹನ್ನೆರಡು ಊರಿನ ಡೈರಿ ಸೆಕ್ರೆಟರಿಗಳನ್ನ ಕಂಡು, ಹಾಲು ಅಳೆಯುವಾಗ ಒಂದು ಮಾತು ಹೇಳಿ ಅಂತ ಕೇಳಿಕೊಂಡೆ. ಆಶಾ ಕಾರ್ಯಕರ್ತೆಯರನ್ನ ಕೂರಿಸಿ ಮಾತಾಡಿದ್ವಿ. ಯಾರ ಮನೆಯಲ್ಲಿ ಯಾರಿಗೆ ಕಣ್ಣು ಕಾಣಲ್ಲ ಅನ್ನೋದು ಅವರಿಗೆ ಬಾಯಿಪಾಠ. ಎರಡು ದಿನ ಆಟೋ ಸುತ್ತಿತು. ಮೈಕಲ್ಲಿ ಕೂಗಿದ್ದು ಇಷ್ಟು: ಯಾವತ್ತು, ಎಲ್ಲಿ, ಏನು ತರಬೇಕು, ಊಟ ನಮ್ಮದು, ಮೂರನೇ ದಿನ ಮನೆಗೆ ಬಿಡ್ತೀವಿ, ದುಡ್ಡು ಕೊಡೋ ಹಾಗಿಲ್ಲ. ಕ್ಲಬ್ಬಿನ ಹೆಸರು ಕೊನೆಯಲ್ಲಿ ಒಂದು ಸಲ. ಅದೂ ಬೇಕು, ಇಲ್ಲದಿದ್ರೆ ಗೊತ್ತಿಲ್ಲದವರ ಬಸ್ಸು ಯಾರು ಹತ್ತುತ್ತಾರೆ? ಪ್ರಚಾರದ ಒಟ್ಟು ಖರ್ಚು ಹಿಂದಿನ ವರ್ಷದ ಅರ್ಧವೂ ಆಗಲಿಲ್ಲ.

ಇಲ್ಲಿಗೆ ಕಥೆ ಸುಖಾಂತ್ಯ ಅಂದ್ಕೊಂಡ್ರಾ? ಶಿಬಿರದ ದಿನ ಬೆಳಗ್ಗೆ ಏಳಕ್ಕೇ ಹೈಸ್ಕೂಲಿನ ಗೇಟಿನಿಂದ ರಸ್ತೆವರೆಗೆ ಸಾಲು. ಆಸ್ಪತ್ರೆಯವರು ಒಂದು ಬಸ್ಸಿಗೆ, ನಲವತ್ತು ಆಪರೇಷನ್ನಿಗೆ ಒಪ್ಪಿದ್ದರು. ಪೊರೆ ಇದ್ದವರು ಅದಕ್ಕಿಂತ ತುಂಬ ಜಾಸ್ತಿ ಇದ್ದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಪಟ್ಟಿ ನಿಲ್ಲಿಸಿದರು. ಉಳಿದವರಿಗೆ, ಇವತ್ತು ಆಗಲ್ಲ ಅಂತ ಹೇಳೋ ಕೆಲಸ ನನಗೆ ಬಿತ್ತು. ಒಬ್ಬ ಅಜ್ಜ, "ಕರೆದ್ರಲ್ಲಪ್ಪ, ಬಂದ್ವಿ" ಅಂದ. ಅಷ್ಟೇ ಅಂದದ್ದು. ಅವತ್ತು ನಾನು ತಲೆ ಎತ್ತಿ ಮಾತಾಡಲಿಲ್ಲ.

ಫ್ಲೆಕ್ಸನ್ನ ಕ್ಲಬ್ಬುಗಳು ಯಾಕೆ ಅಷ್ಟು ಇಷ್ಟಪಡ್ತಾರೆ ಅಂತ ನನಗೆ ಅವತ್ತು ಅರ್ಥವಾಯಿತು. ಅಹಂಕಾರ ಅದರ ಸಣ್ಣ ಭಾಗ. ಫ್ಲೆಕ್ಸ್ ಸುರಕ್ಷಿತ. ಅದು ಯಾರನ್ನೂ ಕರೆಯಲ್ಲ, ಹಾಗಾಗಿ ಯಾರೂ ಬಂದು ನಿಲ್ಲಲ್ಲ. ನಿಜವಾಗಿ ಕರೆದ್ರೆ ಬರ್ತಾರೆ, ಬಂದವರಿಗೆ ಕೊಡಬೇಕಾಗುತ್ತೆ, ಕೊಡೋಕೆ ಆಗದಿದ್ದಾಗ ಅವರ ಮುಖ ನೋಡಬೇಕಾಗುತ್ತೆ. ಪ್ರಚಾರ ಮುಟ್ಟಬೇಕಾದವರಿಗೆ ಮುಟ್ಟಿದ ಕೂಡಲೇ ಅದು ಸಾಲ ಆಗುತ್ತೆ. ಆವತ್ತು ಉಳಿದವರ ಹೆಸರು, ಊರು ಬರೆದುಕೊಂಡ್ವಿ. ಮುಂದಿನ ಮೂರು ತಿಂಗಳಲ್ಲಿ ಇನ್ನೂ ಎರಡು ಬಸ್ಸು ಹೋದವು. ಅದಕ್ಕೆ ಡೀಸೆಲ್ ಹಾಕ್ಸಿದ್ದು ಅದೇ ದವಸದ ವ್ಯಾಪಾರದ ಹಿರಿಯರು. ಫೋಟೋಗೆ ಕರೆದ್ರೆ, "ಬಿಡಪ್ಪಾ" ಅಂದರು.

ನಮ್ಮ ನಿಮ್ಮ ಪಾಲು

ಇದನ್ನ ಓದ್ತಿರೋ ನಿಮ್ಮಲ್ಲಿ ತುಂಬ ಜನ ಒಂದಲ್ಲ ಒಂದು ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡವರು. ನಮ್ಮ ಕೈಯಲ್ಲೂ ಈ ದುಡ್ಡು ಓಡಾಡುತ್ತೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಮ್ಮ ಸರಕು ಅಥವಾ ಸೇವೆಗೆ ಮಾರ್ಕೆಟಿಂಗ್ ಲಾಭ ಸಿಗಲಿ ಅಂತ ಕೊಡೋ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರಲ್ಲ ಅಂತ ನಿಯಮದಲ್ಲಿ ಸ್ಪಷ್ಟವಾಗಿದೆ. ಕಾನೂನಿನ ಮಾತು ಅದು. ನಮ್ಮ ವಾಲಂಟಿಯರ್ ಡೇಗಳನ್ನ ನೆನಪು ಮಾಡ್ಕೊಳ್ಳಿ. ಎಲ್ಲರಿಗೂ ಹೊಸ ಟೀಶರ್ಟು, ಎಸಿ ಬಸ್ಸು, ಸರ್ಕಾರಿ ಶಾಲೆ ಗೋಡೆಗೆ ಒಂದು ಬಣ್ಣ, ಸಂಜೆಗೆ ಲಿಂಕ್ಡ್‌ಇನ್ ಪೋಸ್ಟು. ಅದೂ ಫ್ಲೆಕ್ಸೇ. ಸ್ವಲ್ಪ ಚೆನ್ನಾಗಿ ಡಿಸೈನ್ ಮಾಡಿದ್ದು, ಅಷ್ಟೇ.

ಮುಂದಿನ ಸಲ ಕ್ಲಬ್ಬಿನವರೋ, ಆಫೀಸಿನ ಸಿಎಸ್‌ಆರ್ ತಂಡದವರೋ ಪ್ರಚಾರಕ್ಕೆ ಅಂತ ದುಡ್ಡು ಕೇಳಿದಾಗ ಕೊಡಿ. ಕೊಡೋ ಮೊದಲು ಮೂರು ಮಾತು ಕೇಳಿ. ಇದನ್ನ ನೋಡಬೇಕಾದವರು, ಕೇಳಬೇಕಾದವರು ಯಾರು, ಅವರು ದಿನಾ ಎಲ್ಲಿರ್ತಾರೆ? ನೋಡಿದ ಮೇಲೆ ಅವರು ಏನು ಮಾಡಬೇಕು ಅಂತ ಇದರಲ್ಲಿ ಬರೆದಿದೆಯಾ? ಅವರೆಲ್ಲ ನಿಜವಾಗಿ ಬಂದುಬಿಟ್ರೆ ನಿಮ್ಮ ಹತ್ತಿರ ಬಸ್ಸಿದೆಯಾ? ಮೂರಕ್ಕೂ ಉತ್ತರ ಇದ್ರೆ ಹೆಸರು ಎಷ್ಟು ದೊಡ್ಡದಾಗಿ ಬೇಕಾದ್ರೂ ಹಾಕ್ಕೊಳ್ಳಲಿ.

ದೊಡ್ಡಮ್ಮ ಎರಡನೇ ವರ್ಷದ ಮೊದಲ ಬಸ್ಸಲ್ಲೇ ಹೋಗಿ ಬಂದಳು. ನನ್ನ ದೊಡ್ಡಮ್ಮ ಅಂತ ಸಾಲು ತಪ್ಪಿಸಲಿಲ್ಲ, ಬೆಳಗ್ಗೆ ಆರಕ್ಕೇ ಬಂದು ನಿಂತಿದ್ದಳು. ದಸರೆಗೆ ಊರಿಗೆ ಹೋದಾಗ ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ದ ಹಳೇ ಪೇಪರ್ ತುಂಡನ್ನ ತೆಗೆದು ಅವಳಿಗೆ ತೋರಿಸಿದಳು. ಮೊದಲನೇ ವರ್ಷದ ಶಿಬಿರದ ಫೋಟೋ ಅದು. ದೊಡ್ಡಮ್ಮ ಹೊಸ ಕನ್ನಡಕ ಹಾಕ್ಕೊಂಡು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟಳು. ನನ್ನ ಗುರುತು ಹಿಡಿದಳು.

"ಇದ್ರಾಗೆ ಕಣ್ಣು ನೋಡಿದ ಡಾಕ್ಟ್ರು ಯಾರಪ್ಪ?" ಅಂತ ಕೇಳಿದಳು.

ನಾನೂ ಹುಡುಕಿದೆ. ಫೋಟೋ ತೆಗೆಯೋ ಹೊತ್ತಿಗೆ ಡಾಕ್ಟರು ಒಳಗೆ ಕೆಲಸ ಮಾಡ್ತಿದ್ರು.